ಬಸ್ರೂರಿನ ಹಡಗು ಮಲಕ್ಕಾ ತಲುಪಿದ ದಿನ

ಅದು ಹೋದ ವರ್ಷ, ರಂಜಾನ್ ಹಬ್ಬದ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ವಾರ. ನಲವತ್ತರ ಹೊಸ್ತಿಲಲ್ಲಿ ನಿಂತು ನಾನು ಟೀಚರ್ ಆಗಲು ಹೊರಟಿದ್ದೆ. ಮದುವೆಯಾಗಿ ಕ್ವಾಲಾಲಂಪುರಕ್ಕೆ ಬಂದ ಮೇಲೆ ಬಾಂಗ್ಸಾರಿನ ಫ್ಲ್ಯಾಟಿನಲ್ಲಿ ಅಡುಗೆ, ಮಕ್ಕಳು ಎಂದು ವರ್ಷಗಳು ಕಳೆದುಹೋಗಿದ್ದವು. ಇತಿಹಾಸದಲ್ಲಿ ಎಂ.ಎ. ಮಾಡಿದ್ದು ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುವುದಕ್ಕಷ್ಟೇ ಉಪಯೋಗವಾಗಿತ್ತು. ಮಕ್ಕಳು ದೊಡ್ಡವರಾದ ಮೇಲೆ ಹಟ ಹಿಡಿದು ಶಿಕ್ಷಕರ ತರಬೇತಿಗೆ ಸೇರಿದೆ.

ತರಬೇತಿಯ ಭಾಗವಾಗಿ ನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೆಲವು ವಾರ ಹಿಂದಿನ ಬೆಂಚಿನಲ್ಲಿ ಕೂತು ಇತಿಹಾಸದ ಪಾಠ ನೋಡಬೇಕಿತ್ತು. ಪಾಠ ಮಾಡುವವರು ಪುವಾನ್ ರೊಕಿಯಾ. ಪುವಾನ್ ಎಂದರೆ ಶ್ರೀಮತಿ. ಮಾತು ಕಡಿಮೆ, ಶಿಸ್ತು ಜಾಸ್ತಿ. ಮೊದಲ ದಿನ ಅವರು ಒಳಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತು ರಾಗವಾಗಿ "ಗುಡ್ ಮಾರ್ನಿಂಗ್ ಟೀಚರ್" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಕುಂದಾಪುರದ ಪಕ್ಕದ ನನ್ನೂರು ಬಸ್ರೂರಿನ ಕನ್ನಡ ಶಾಲೆಯ ಅಭ್ಯಾಸಬಲದಿಂದ ನಾನೂ ಎದ್ದು ಅದೇ ರಾಗದಲ್ಲಿ ಕೂಗಿಬಿಟ್ಟೆ! ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಪುವಾನ್ ರೊಕಿಯಾ ಮಾತ್ರ ನಗಲಿಲ್ಲ.

ತರಗತಿಯಲ್ಲಿ ಮಲಯ, ಚೀನೀ, ತಮಿಳು ಮಕ್ಕಳಿದ್ದರು. ಜೊತೆಗೆ ಕೊರಿಯಾದ ಇಬ್ಬರು, ನೈಜೀರಿಯಾದ ಒಬ್ಬಳು. ಆದರೆ ಅವರವರ ಗುಂಪು ಅವರವರಿಗೆ. ಕಿಟಕಿ ಪಕ್ಕ ಒಂದು, ಬಾಗಿಲ ಪಕ್ಕ ಒಂದು, ನಡುವೆ ಇನ್ನೊಂದು. ಇತಿಹಾಸ ಕಡ್ಡಾಯ ವಿಷಯವಾದ್ದರಿಂದ ಕಷಾಯ ಕುಡಿದ ಮುಖ ಮಾಡಿಕೊಂಡು ಕೂತಿರುತ್ತಿದ್ದರು. ಪುವಾನ್ ಪ್ರಶ್ನೆ ಕೇಳಿದರೆ ಎಲ್ಲರ ಕಣ್ಣೂ ಡೆಸ್ಕಿನ ಮೇಲೆ.

ನಮ್ಮ ತರಬೇತಿ ಕಾಲೇಜಿನ ಮೇಲ್ವಿಚಾರಕಿ ಮಿಸೆಸ್ ಲೋ ಒಮ್ಮೆ ಬಂದು ನನ್ನನ್ನು ಕರೆದು ಮಾತಾಡಿಸಿದರು. ಮುಚ್ಚುಮರೆಯಿಲ್ಲದ ಹೆಂಗಸು. "ನಸ್ರೀನ್, ನಿಮ್ಮ ಇಂಗ್ಲಿಷ್ ತುಂಬಾ ಫಾಸ್ಟ್. ನನಗೇ ಅರ್ಥ ಆಗಲ್ಲ, ಮಕ್ಕಳಿಗೆ ಹೇಗೆ? ಕೊನೇ ದಿನ ನೀವೇ ಪಾಠ ಮಾಡಿ, ನಾನು ಬಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ತರಬೇತಿ ಅಲ್ಲಿಗೇ ನಿಲ್ಲಿಸೋದು ಒಳ್ಳೇದು ಲಾ" ಎಂದರು. ಇಲ್ಲಿನವರ ಮಾತಿಗೆಲ್ಲ ಈ 'ಲಾ' ಒಂದು ಬಾಲ. ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು.

ಕೊನೆಯ ದಿನ ನನ್ನ ಪಾಲಿಗೆ ಬಂದ ಪಾಠ ಸುಲ್ತಾನರ ಕಾಲದ ಮಲಕ್ಕಾ ಬಂದರು, ದೇಶದೇಶದ ವ್ಯಾಪಾರಿಗಳು ಬಂದು ಸೇರುತ್ತಿದ್ದ ಜಾಗ. ಮಕ್ಕಳಿಗೆ ತೋರಿಸಲೆಂದು ಅಡುಗೆಮನೆಯಿಂದ ಕಾಳುಮೆಣಸು, ಏಲಕ್ಕಿ, ಒಂದು ಹಿಡಿ ಅಕ್ಕಿ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹೋದೆ. ಕನ್ನಡಿ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿದ್ದೆ. ಆದರೆ ಮಿಸೆಸ್ ಲೋ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತದ್ದು ಕಂಡ ಕೂಡಲೇ ನನ್ನ ಇಂಗ್ಲಿಷಿಗೆ ದೆವ್ವ ಹಿಡಿಯಿತು. ಓಡಿತು, ಮುಗ್ಗರಿಸಿತು, ಮತ್ತೆ ಓಡಿತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಯಾರೋ ನನ್ನ ಮಾತನ್ನೇ ಅಣಕಿಸಿದರು. ತರಗತಿ ಸಂತೆಯಾಯಿತು. ಮಿಸೆಸ್ ಲೋ ಸರಸರನೆ ಬರೆಯುತ್ತಿದ್ದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಹೋಯ್! ಎಂತ ಗಲಾಟಿ ಮರ್ರೆ ನಿಮ್ದ್? ಸುಮ್ನೆ ಕೂಕಣಿ ಕಾಂಬ!" ಎಂದು ಗದರಿದೆ. ಅಪ್ಪಟ ಕುಂದಾಪುರದ ಕನ್ನಡ. ಅದೂ ಮೀನು ಮಾರ್ಕೆಟ್ಟಿನ ಗಂಟಲಲ್ಲಿ.

ತರಗತಿ ಗಪ್‌ಚಿಪ್ ಆಯಿತು. ಮಿಸೆಸ್ ಲೋ ತಲೆ ಎತ್ತಿದರು. ಮುಂದಿನ ಸಾಲಿನ ದರ್ಶಿನಿ ಎಂಬ ತಮಿಳು ಹುಡುಗಿ ಕಣ್ಣರಳಿಸಿ, "ಟೀಚರ್, ಇದು ಯಾವ ಭಾಷೆ? ತಮಿಳ್ ಅಲ್ಲ ಲಾ!" ಎಂದಳು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮುಳುಗಿದವನಿಗೆ ಚಳಿಯೇನು ಮಳೆಯೇನು? ಅಂದು ಮಲಕ್ಕಾಕ್ಕೆ ಬಂದಿಳಿದ ನಮ್ಮ ಕರಾವಳಿಯ ವ್ಯಾಪಾರಿಗೆ ಇಂಗ್ಲಿಷ್ ಬರುತ್ತಿತ್ತೇ? ಬೋರ್ಡಿನ ಮೇಲೆ ದೊಡ್ಡದಾಗಿ 'ಮಲಕ್ಕಾ ಬಂದರು. ಇಂಗ್ಲಿಷ್ ನಿಷೇಧ' ಎಂದು ಇಂಗ್ಲಿಷಿನಲ್ಲೇ ಬರೆದೆ. ಡಬ್ಬಿ ತೆರೆದು ಕನ್ನಡದಲ್ಲಿ ಕೂಗಿದೆ: "ನಾನು ಬಸ್ರೂರಿನಿಂದ ಬಂದೆ. ನನ್ನ ಹಡಗಿನಲ್ಲಿ ಅಕ್ಕಿ ಇದೆ, ಕಾಳುಮೆಣಸು ಇದೆ, ಏಲಕ್ಕಿ ಇದೆ. ಯಾರಿಗೆ ಬೇಕು?"

ದರ್ಶಿನಿ ಎದ್ದು ಬಂದು ಡಬ್ಬಿಗೆ ಮೂಗಿಟ್ಟು, "ಏಲಕ್ಕಾಯ್!" ಎಂದು ಕಿರುಚಿದಳು. ಬಾಗಿಲ ಪಕ್ಕದ ಗುಂಪಿನ ಆಯಿಷಾಳ ಕಡೆ ತಿರುಗಿ ಅದನ್ನೇ ಮಲಯದಲ್ಲಿ ಹೇಳಿದಳು. ಆಯಿಷಾ ಕಿಟಕಿ ಪಕ್ಕದ ಚೀನೀ ಹುಡುಗ ಜುನ್ ಹಾವೊನಿಗೆ ಹೇಳಿದಳು. ಅವನು ತನ್ನ ಗುಂಪಿಗೆ ಕ್ಯಾಂಟನೀಸಿನಲ್ಲಿ ಹೇಳಿ, ತನ್ನ ನೀರಿನ ಬಾಟಲಿಯನ್ನು ಪಿಂಗಾಣಿ ಹೂದಾನಿ ಎಂಬಂತೆ ಎರಡೂ ಕೈಯಲ್ಲಿ ಹೊತ್ತು ತಂದ. ಕೊರಿಯಾದವರು ಕೈಸನ್ನೆ ಶುರು ಮಾಡಿದರು. ನೈಜೀರಿಯಾದ ಹುಡುಗಿ ತನ್ನ ಭಾಷೆಯಲ್ಲಿ ಚೌಕಾಸಿಗೆ ನಿಂತಳು. ನಾನು ಕನ್ನಡದಲ್ಲೇ "ಆಗೂದಿಲ್ಲ, ಇನ್ನೊಂದು ಬಾಟ್ಲಿ ಕೊಡಿ" ಎಂದು ಹಟ ಹಿಡಿದೆ. ಗುಂಪುಗಳು ಎಲ್ಲಿ ಹೋದವೋ ಗೊತ್ತಿಲ್ಲ, ಎಲ್ಲರೂ ನನ್ನ ಮೇಜಿನ ಸುತ್ತ ಮುತ್ತಿಕೊಂಡಿದ್ದರು.

ಅಷ್ಟರಲ್ಲಿ ಯಾರೋ ಟೇಬಲ್ ಕುಟ್ಟಿದರು. ನೋಡಿದರೆ ಪುವಾನ್ ರೊಕಿಯಾ! ಬಂದರಿನ ಅಧಿಕಾರಿಯಂತೆ ಸೊಂಟಕ್ಕೆ ಕೈಯಿಟ್ಟು ನಿಂತು, ಮಲಯದಲ್ಲಿ ಎಲ್ಲರನ್ನೂ ಸಾಲು ಮಾಡಿಸಿ ಸುಂಕ ವಸೂಲಿಗೆ ಹೊರಟಿದ್ದರು. ನನ್ನಿಂದ ಏಲಕ್ಕಿ ತೆಗೆದುಕೊಂಡರು. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಮಿಸೆಸ್ ಲೋ ಕೈಯಲ್ಲಿದ್ದ ಪೆನ್ನನ್ನೇ ಕಿತ್ತುಕೊಂಡರು. ಮಕ್ಕಳು ಹೋ ಎಂದು ಕೂಗಿದರು. ಮಿಸೆಸ್ ಲೋ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ವ್ಯಾಪಾರ ಮುಗಿದ ಮೇಲೆ ನಾನು ಇಂಗ್ಲಿಷಿಗೆ ಮರಳಿ, "ಗಾಳಿ ದಿಕ್ಕು ಬದಲಾಗಿದೆ. ಅದು ಮತ್ತೆ ತಿರುಗುವ ತನಕ ನನ್ನ ಹಡಗು ವಾಪಸ್ ಹೋಗಲಾರದು. ತಿಂಗಳುಗಟ್ಟಲೆ ನಾನೆಲ್ಲಿರಲಿ?" ಎಂದೆ. ಆಶ್ಚರ್ಯವೆಂದರೆ ಈಗ ನನ್ನ ಇಂಗ್ಲಿಷ್ ಓಡಲಿಲ್ಲ. "ಇಲ್ಲೇ ಇರಿ ಲಾ, ಮಾಮಕ್‌ನಲ್ಲಿ ಊಟ ಮಾಡಿ!" ಎಂದ ಜುನ್ ಹಾವೊ. ಮಾಮಕ್ ಎಂದರೆ ಇಲ್ಲಿ ಬೀದಿಬೀದಿಗೂ ಇರುವ ತಮಿಳು ಮುಸ್ಲಿಮರ ಹೋಟೆಲು. "ಮದುವೆ ಆಗಿ!" ಎಂದಳು ಆಯಿಷಾ. ದರ್ಶಿನಿ ಸುತ್ತ ಎಲ್ಲರ ಮುಖ ನೋಡಿ ನಿಧಾನವಾಗಿ, "ಓ... ಹೀಗೇ ಅಲ್ವಾ ಟೀಚರ್, ನಾವೆಲ್ಲ ಇಲ್ಲಿ ಸೇರೋಕೆ ಶುರು ಆಗಿದ್ದು?" ಎಂದಳು. ನಾನು ಹೇಳಬೇಕೆಂದಿದ್ದ ಪಾಠವನ್ನು ಅವಳೇ ಹೇಳಿ ಮುಗಿಸಿದ್ದಳು.

ಬೆಲ್ ಹೊಡೆದರೂ ಯಾರೂ ಏಳಲಿಲ್ಲ. "ಮುಂದೇನಾಗುತ್ತೆ?" ಎಂದ ಜುನ್ ಹಾವೊ. "ಪೋರ್ಚುಗೀಸರು ಫಿರಂಗಿ ತಗೊಂಡು ಬರ್ತಾರೆ. ಬಂದರು ಅವರ ಪಾಲಾಗುತ್ತೆ. ನಮ್ಮ ಬಸ್ರೂರಿನ ಬಂದರಿನ ಮೇಲೂ ಅವರ ಕಣ್ಣು ಬಿತ್ತು" ಎಂದೆ. ಮಕ್ಕಳ ಮುಖ ಸಣ್ಣದಾಯಿತು. "ಕೊಡಲ್ಲ ಲಾ! ನಮ್ಮ ಬಂದರು!" ಎಂದು ಆಯಿಷಾ ಕೂಗಿದಳು.

ಮಿಸೆಸ್ ಲೋ ನನ್ನ ಬಳಿ ಬಂದರು. "ನಿಜ ಹೇಳ್ತೀನಿ, ನಿಮ್ಮನ್ನು ಬೇಡ ಅನ್ನೋಕೇ ಬಂದಿದ್ದೆ" ಎಂದು, ಪುವಾನ್ ರೊಕಿಯಾ ಕಡೆ ತಿರುಗಿ, "ನಾಳೆ ಪೋರ್ಚುಗೀಸರ ಪಾಠ ಯಾರು ಮಾಡ್ತಾರೆ?" ಎಂದು ಕೇಳಿದರು. "ಅವರೇ ಮಾಡ್ಲಿ. ಈ ಮಕ್ಕಳು ಇನ್ನು ನನ್ನ ಮಾತು ಎಲ್ಲಿ ಕೇಳ್ತಾರೆ?" ಎಂದು ಪುವಾನ್ ಮೊದಲ ಸಲ ನನ್ನ ಮುಖ ನೋಡಿ ನಕ್ಕರು. "ಹಾಗಾದ್ರೆ ಪಾಸ್" ಎಂದರು ಮಿಸೆಸ್ ಲೋ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಅಷ್ಟು ಖುಷಿಯ ಅಳು ನಾನು ಬೇರೆ ಎಂದೂ ಅತ್ತಿಲ್ಲ.

ಮರುದಿನ ಹೋದರೆ ತರಗತಿಯ ಬಾಗಿಲು ಮುಚ್ಚಿತ್ತು. ಗಾಜಿನಿಂದ ಇಣುಕಿದೆ. ಬೆಂಚುಗಳನ್ನೆಲ್ಲ ಕೋಟೆಯ ಹಾಗೆ ಅಡ್ಡ ಒಟ್ಟಿ, ಅದರ ಹಿಂದೆ ಮಲಯ, ಚೀನೀ, ತಮಿಳು, ಕೊರಿಯಾ, ನೈಜೀರಿಯಾ ಎಲ್ಲ ಮಕ್ಕಳೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. "ಯಾರು? ಪೋರ್ಚುಗೀಸರಿಗೆ ಪ್ರವೇಶ ಇಲ್ಲ!" ಎಂದು ಒಳಗಿನಿಂದ ಕೂಗು ಬಂತು.

"ನಾನ್ ಬಸ್ರೂರಿನವ್ಳ್ ಮರ್ರೆ, ಬಾಗ್ಲ್ ತೆಗಿನಿ!" ಎಂದೆ.

ಒಳಗೆ ದೊಡ್ಡ ಗದ್ದಲವಾಗಿ, ಬೆಂಚುಗಳು ಸರಿದು, ಬಾಗಿಲು ತೆರೆಯಿತು. ಎಲ್ಲರೂ ಕೂಡಿ ನನ್ನನ್ನು ಒಳಗೆ ಎಳೆದುಕೊಂಡರು. ಪಾಸ್ ಎಂದು ಮಿಸೆಸ್ ಲೋ ಹಿಂದಿನ ದಿನವೇ ಹೇಳಿದ್ದು ನಿಜ. ಆದರೆ ನಾನು ಟೀಚರ್ ಆದದ್ದು ಆ ಬಾಗಿಲು ತೆರೆದಾಗಲೇ ಎಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.