ವಾಣಿ ಯಾರಿಗೆ ಎಷ್ಟು ಗಂಟೆ ಹೇಳಿದ್ದಳು?

ಫ್ರೆಂಡ್ಸ್, ಇವತ್ತು ನಾರ್ತ್‌ವಿಲ್‌ನಲ್ಲಿ ಗೆಳತಿ ವಾಣಿಯ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ. ಹತ್ತಕ್ಕೆ ಬಾ ಅಂದಿದ್ದಳು. ನಾನು ಎಂದಿನಂತೆ ಮುಕ್ಕಾಲು ಗಂಟೆ ಲೇಟು. ಬಾಗಿಲಲ್ಲೇ "ಸಾರಿ ಕಣೇ, ಹೈವೇಲಿ ಎಕ್ಸಿಟ್ ಮಿಸ್ ಆಯ್ತು" ಅಂತ ಸುಳ್ಳು ಶುರು ಮಾಡಿದೆ.

"ಕರೆಕ್ಟ್ ಟೈಮಿಗೇ ಬಂದಿದೀಯ, ಒಳಗೆ ಬಾ" ಅಂದಳು.

ನೋಡಿದರೆ ಇನ್ನೂ ದೀಪವನ್ನೇ ಹಚ್ಚಿಲ್ಲ! ಪಕ್ಕದಲ್ಲಿ ಧಾರವಾಡದ ಪಾಟೀಲ್ ಅಂಕಲ್ ಶೂ ಬಿಚ್ಚುತ್ತಿದ್ದರು. "ನನಗ ಒಂಬತ್ತಕ್ಕ ಬರ್ರಿ ಅಂದಿದ್ಲು ನೋಡವಾ. ಎಲ್ಲಾ ಮುಗದಿರ್ತೈತಿ, ಊಟಾನರ ಸಿಗ್ಲಿ ಅಂತ ಬಂದೆ" ಅಂದರು. ಎಲ್ಲಿಗೆ ಹೋದರೂ ಮೊದಲೇ ಹೋಗಿ ಕಾರಲ್ಲಿ ಕಾಯುವ ಡಾಕ್ಟರ್ ಸುಧಾ ಆಂಟಿಗೆ ಮಾತ್ರ ಹನ್ನೊಂದು ಅಂದಿದ್ದಳಂತೆ.

ಮುಹೂರ್ತ ಇದ್ದದ್ದು ಹನ್ನೊಂದಕ್ಕೇ. ಒಬ್ಬೊಬ್ಬರ ಸ್ವಭಾವ ನೋಡಿ ಒಬ್ಬೊಬ್ಬರಿಗೆ ಒಂದೊಂದು ಟೈಮ್ ಕೊಟ್ಟಿದ್ದಾಳೆ! ಇಡೀ ಮನೆ ಒಟ್ಟಿಗೇ ತುಂಬಿತು.

ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವನೇ ಇಲ್ಲ. ವಾಣಿಯ ತಮ್ಮ ಕಿರಣ್ ಶಿಕಾಗೋ ಕಡೆಯ ಲಿಸ್ಲ್‌ನಿಂದ ನಾಲ್ಕೈದು ಗಂಟೆ ಡ್ರೈವ್ ಮಾಡಿಕೊಂಡು ಬರಬೇಕು. ಭಟ್ಟರು ವಾಚ್ ನೋಡತೊಡಗಿದರು. ವಾಣಿ ಆರಾಮಾಗಿ ಹೂ ಜೋಡಿಸುತ್ತಿದ್ದಳು.

"ಅವನಿಗೆ ಎಷ್ಟು ಗಂಟೆ ಅಂದಿದ್ಯೇ?" ಅಂತ ಕೇಳಿದೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಕಿರಣ್ ಓಡಿ ಬಂದ. "ಅಕ್ಕಾ, ಸಾರಿ! ನೀನು ಹೇಳಿದ ಹಾಗೆ ನಿನ್ನೆ ಬರೋಕೇ ಆಗಲಿಲ್ಲ. ಶಾಸ್ತ್ರ ಮುಗಿದೇ ಹೋಯ್ತಾ?"

"ಇಲ್ಲ ಕಣೋ, ಇವತ್ತೇ ಇರೋದು. ಕೂತ್ಕೋ" ಅಂತ ಮಗುವನ್ನು ಅವನ ತೊಡೆಗೆ ಹಾಕಿದಳು.

ನಮ್ಮ ಆಫೀಸಲ್ಲಿ ಪರ್ಸನಾಲಿಟಿ ಟೆಸ್ಟ್ ಅಂತ ಅರ್ಧ ದಿನ ಕೂರಿಸಿ ನಾನು ಯಾವ ಟೈಪ್ ಅಂತ ಹೇಳಿದರು. ವಾಣಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.