ಆಯಿಗೆ ಹಾಯ್ದ ಹೋರಿ

ಇವತ್ತು ಮೊಮ್ಮಗಳು ಗೋಕಾಕದ ದನದ ಪೇಟೆಯಲ್ಲಿ ತೆಗೆದ ಖಿಲಾರಿ ಹೋರಿಯ ಫೋಟೊ ತೋರಿಸಿದಳು. ನಾನು ಮೊದಲು ಅದರ ಕೋಡು ನೋಡಿದೆ.

ನಾನು ಸಣ್ಣ ಹುಡುಗಿಯಾಗಿದ್ದಾಗ ಇನ್ನೂ ಬ್ರಿಟಿಷರ ಕಾಲ. ತುಕ್ಕಾನಟ್ಟಿಯಲ್ಲಿ ನಮ್ಮ ಅಜ್ಜ ಖಿಲಾರಿ ತಳಿ ಕೆಡದಂತೆ ಆಯುಷ್ಯವಿಡೀ ದನ ಬೆಳೆಸಿದವನು. ಅವನ ಬಿಳಿ ಹೋರಿಯಂಥದ್ದು ಸುತ್ತ ಎಲ್ಲೂ ಇರಲಿಲ್ಲ. ಬೆದೆಗೆ ಬಂದ ಆಕಳನ್ನು ಹುಕ್ಕೇರಿ ಕಡೆಯವರೂ ನಮ್ಮಲ್ಲಿಗೇ ಹೊಡೆದುಕೊಂಡು ಬರುತ್ತಿದ್ದರು. ಅಜ್ಜ ಅದರ ಕೋಡಿಗೆ ಎಣ್ಣೆ ತಿಕ್ಕುತ್ತಿದ್ದ. ಆಯಿ, ಅಂದರೆ ನಮ್ಮ ಅಜ್ಜಿ, ದಿನಾ ಕೈಯಾರೆ ರೊಟ್ಟಿ ತಿನ್ನಿಸುತ್ತಿದ್ದಳು.

ಒಂದು ಮುಂಜಾನೆ ಆಯಿ ರೊಟ್ಟಿ ಹಿಡಿದು ಹತ್ತಿರ ಹೋದಾಗ ಹೋರಿ ತಲೆ ತಗ್ಗಿಸಿ ಅವಳನ್ನು ಗೋಡೆಗೆ ಒತ್ತಿಬಿಟ್ಟಿತು. ಸೀರೆಯ ಮೇಲೆ ರಕ್ತ ಹರಡುತ್ತಿತ್ತು. ನಾನು ಅಜ್ಜನನ್ನು ಕೂಗುತ್ತ ಓಡಿದೆ.

ಆಯಿ ಬದುಕಿದಳು. ಬಲಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ಅವಳಿನ್ನೂ ಹಾಸಿಗೆಯಲ್ಲಿದ್ದಾಗಲೇ ಅಜ್ಜ ಹೋರಿಯ ಬೀಜ ಒಡೆಯುವವನನ್ನು ಕರೆಸಿದ.

"ಬ್ಯಾಡ್ರಿ. ಒಂದ ತಪ್ಪಿಗೆ ನಿಮ್ಮ ಜನ್ಮದ ದುಡಿಮಿ ಮುಗಸ್ತೀರೇನ್ರಿ?" ಎಂದು ಆಯಿ ಅತ್ತಳು.

"ಕೋಡು ನೋಡಿದ್ನಿ, ಮೈಕಟ್ಟು ನೋಡಿದ್ನಿ, ಸಿಟ್ಟು ನೋಡಲಿಲ್ಲ. ಇದ್ರ ಕರಾ ನಾಳೆ ಮತ್ತೊಬ್ಬರ ಮನಿ ಹೆಣ್ಮಗಳಿಗೆ ಹಾಯ್ದ್ರ?" ಎಂದ ಅಜ್ಜ.

ಹೋರಿ ಎತ್ತಾಗಿ ನಮ್ಮ ಹೊಲದಲ್ಲೇ ದುಡಿಯಿತು. ಅಜ್ಜ ಮತ್ತೆಂದೂ ಹೋರಿ ಕಟ್ಟಲಿಲ್ಲ. ಆಕಳು ಹೊಡೆದುಕೊಂಡು ಬಂದವರಿಗೆ ನೀರು ಬೆಲ್ಲ ಕೊಟ್ಟು ತಿರುಗಿ ಕಳಿಸುತ್ತಿದ್ದ.

"ಎಷ್ಟ ಚಂದ ಐತಿ ಅಲ್ಲ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು.

"ಭಾಳ ಚಂದ ಐತಿ," ಎಂದೆ. "ಫೋಟೊ ತಗಿಯುವಾಗ ನೀ ಎಷ್ಟ ದೂರ ನಿಂತಿದ್ದಿ?"