ನಡೆಯದ ಪೈಪೋಟಿ

ಅಮೆರಿಕದ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ ನೋಡಿದರೆ ನನ್ನ ಸೆಡಾನಿನಂತೆಯೇ ನಾಲ್ಕು ಸಿಲಿಂಡರಿನ ಎಂಜಿನ್! ದೇಸೂರಿನ ಚಹಾದಂಗಡಿ ಮುಂದೆ ನಾನು ನಕ್ಕುಬಿಟ್ಟೆ.

"ಬೇಸ್ ಮಾಡೆಲ್ ಖರೇ, ಆದರ ಪಿಕಪ್‌ನ್ಯಾಗ ನಿಮ್ಮ ಗಾಡಿ ಹಿಂದ ಉಳಿತೈತ್ರಿ. ಖಾನಾಪುರತನಕ ಓಡಿಸಿ ನೋಡೂಣ್ರಿ," ಎಂದರು ಅದರ ಮಾಲೀಕರು.

ಅಷ್ಟರಲ್ಲಿ ಕುರಿಗಾಹಿಯೊಬ್ಬರು ಹೆರಿಗೆ ನೋವು ತಿನ್ನುತ್ತಿದ್ದ ಮಗಳನ್ನು ಹಿಡಿದುಕೊಂಡು ಬಂದರು. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನ ಇಕ್ಕಟ್ಟಾದ ಹಿಂದಿನ ಸೀಟಿನಲ್ಲಿ ಆಕೆ ಕೂರುವಂತಿರಲಿಲ್ಲ. ಮಾಲೀಕರೇ ನನ್ನ ಕಾರಿನ ಹಿಂಬಾಗಿಲು ತೆರೆದು ಅವರನ್ನು ಕೂರಿಸಿ, "ನೀವು ಸಾವಕಾಶ ಬರ್ರಿ, ನಾ ಮುಂದ ದಾರಿ ಬಿಡಸ್ತೀನಿ," ಎಂದರು. ನೆಹರು ನಗರದ ಆಸ್ಪತ್ರೆಯವರೆಗೂ ಹಾರ್ನ್ ಬಾರಿಸುತ್ತ ಮುಂದೆ ಸಾಗಿದರು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು.

ಯಾವ ಎಂಜಿನ್ ಮೇಲೆಂದು ಕೊನೆಗೂ ನೋಡಲಾಗಲಿಲ್ಲ. ಆದರೆ ಹಿಂದಿನಿಂದ ಯಾರಾದರೂ ಬಿಡದೆ ಹಾರ್ನ್ ಹೊಡೆದರೆ ಈಗ ನಾನು ರೇಗುವುದಿಲ್ಲ, ಬದಿಗೆ ಸರಿಯುತ್ತೇನೆ.